ಫಿಲ್ಟರ್ ಕೊಳ್ಳುವ ಮೊದಲು ಬಾವಿಯ ಬಾಯಿ ನೋಡಿದೆ: ನನ್ನ ಅನುಭವ

ಎರಡು ವರ್ಷದ ಹಿಂದೆ ಜೋರು ಮಳೆ ಸುರಿದ ವಾರ ನಮ್ಮ ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಹೊಟ್ಟೆ ಕೆಟ್ಟಿತು. ನಲ್ಲಿ ನೀರಿಗೆ ಸಣ್ಣಗೆ ಮಣ್ಣಿನ ವಾಸನೆ ಇತ್ತು. ನಮ್ಮದು ಊರಾಚೆಯ ಒಂಟಿ ಮನೆ. ಕೊಳವೆ ಬಾವಿ ಬಿಟ್ಟರೆ ಬೇರೆ ನೀರಿಲ್ಲ. ಸ್ವಂತ ಬಾವಿ ಎಂದರೆ ನೀರಿನ ಪರೀಕ್ಷೆಯೂ ನಮ್ಮದೇ ಕೆಲಸ. ಅದನ್ನು ನಾನು ಅಲ್ಲಿಯವರೆಗೆ ಮಾಡಿಸಿಯೇ ಇರಲಿಲ್ಲ.

ಫಿಲ್ಟರ್ ಮಾರುವವರೊಬ್ಬರು ಬಂದು ನೋಡಿದರು. ಪೆನ್ನಿನಂಥ ಟಿಡಿಎಸ್ ಮೀಟರನ್ನು ಲೋಟದಲ್ಲಿ ಅದ್ದಿ 420 ಎಂದು ತೋರಿಸಿದರು. ಆರ್‌ಒ, ಅಂದರೆ ತೆಳು ಪೊರೆಯ ಮೂಲಕ ನೀರನ್ನು ಒತ್ತಿ ಸೋಸುವ ಮೆಷಿನ್, ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂದರು. ಹಾಕಿಸಲು ಹೊರಟೇಬಿಟ್ಟಿದ್ದೆ. ಒಂದು ಪ್ರಶ್ನೆ ತಡೆಯಿತು: ಮಳೆಗೂ ಈ 420ಕ್ಕೂ ಏನು ಸಂಬಂಧ? ಆ ಮೀಟರ್ ಅಳೆಯುವುದು ನೀರಿನಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು. ಅದರಿಂದ ಕರಗಿರುವ ಲವಣದ ಒಂದು ಅಂದಾಜು ಸಿಗುತ್ತದೆ, ಅಷ್ಟೇ. ರೋಗಾಣು ಇದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಆರ್ಸೆನಿಕ್ ಅಪಾಯದ ಮಟ್ಟದಲ್ಲಿದ್ದರೂ ಅಂಕಿ ಕದಲುವುದಿಲ್ಲ. 50 ತೋರಿಸುವ ನೀರು ಕೆಟ್ಟದ್ದಿರಬಹುದು, 500 ತೋರಿಸುವ ನೀರು ಕುಡಿಯಲು ಚೆನ್ನಾಗಿರಬಹುದು. ಹಾಗಾಗಿ ಆರ್‌ಒ ಬಿಟ್ಟು ಮೊದಲು ಲ್ಯಾಬಿಗೆ ಹೋದೆ.

ನೀರು ಹಿಡಿಯುವುದರಲ್ಲೂ ಒಂದು ಕ್ರಮ ಇದೆ. ರೋಗಾಣು ಪರೀಕ್ಷೆಗೆ ಲ್ಯಾಬಿನವರೇ ಕ್ರಿಮಿ ಕಳೆದ ಬಾಟಲಿ ಕೊಟ್ಟರು. ಒಳಗಿದ್ದ ಚೂರು ಪುಡಿಯನ್ನು ತೊಳೆಯಬೇಡಿ ಎಂದರು. ನೀರಲ್ಲಿ ಕ್ಲೋರಿನ್ ಇದ್ದರೆ ಅದನ್ನು ಕಳೆಯುವುದಕ್ಕೆ ಅದು. ನಲ್ಲಿಯ ತುದಿಯ ಜಾಲರಿ ಬಿಚ್ಚಿ, ಬಾಯನ್ನು ಸ್ಪಿರಿಟ್‌ನಿಂದ ಒರೆಸಿ, ಐದು ನಿಮಿಷ ನೀರು ಬಿಟ್ಟು ಆಮೇಲೆ ಹಿಡಿದೆ. ಮುಚ್ಚಳದ ಒಳಭಾಗ ಮುಟ್ಟಲಿಲ್ಲ. ಐಸಿನ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಿದೆ. ತಡವಾದರೆ, ಬಿಸಿಯಾದರೆ ಫಲಿತಾಂಶ ನಂಬುವ ಹಾಗಿರುವುದಿಲ್ಲ.

ವರದಿ ಬಂತು. ಫ್ಲೋರೈಡ್, ಆರ್ಸೆನಿಕ್ ಮಿತಿಯೊಳಗೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಫ್ಲೋರೈಡಿಗೆ ಲೀಟರಿಗೆ 1.5 ಮಿಲಿಗ್ರಾಂ, ಆರ್ಸೆನಿಕ್‌ಗೆ 0.01 ಮಿಲಿಗ್ರಾಂ. ನೈಟ್ರೇಟ್ 18 ಇತ್ತು, ಮಿತಿ 50. ಗಡಸುತನ 280. ಕಬ್ಬಿಣ 1.2. ಕೊನೆಯ ಸಾಲಿನಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಇದೆ ಎಂದಿತ್ತು. 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು. ಅದು ಬರುವುದೇ ಮನುಷ್ಯರ ಅಥವಾ ಪ್ರಾಣಿಗಳ ಮಲದಿಂದ. ಮಕ್ಕಳು ಅದೇ ನೀರು ಕುಡಿದಿದ್ದರು. ಆ ಸಾಲನ್ನು ಓದಿ ನನಗೆ ಕೈಕಾಲು ಆಡಲಿಲ್ಲ. ಅವತ್ತಿನಿಂದಲೇ ಕುಡಿಯುವ ನೀರನ್ನು ಕೊತಕೊತ ಕುದಿಸಲು ಶುರುಮಾಡಿದೆವು. ಕುದಿಸಿದರೆ ರೋಗಾಣು ಸಾಯುತ್ತದೆ, ಆದರೆ ನೈಟ್ರೇಟ್, ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಪ್ರಮಾಣ ಹೆಚ್ಚುತ್ತದೆ.

ಇಷ್ಟು ಆಳದ ಬಾವಿಗೆ ಮಲ ಹೇಗೆ ಸೇರಿತು? ಉತ್ತರ ಬಾವಿಯ ಬಾಯಲ್ಲೇ ಇತ್ತು. ಬಾವಿಯ ಗೋಡೆ ಕುಸಿಯದಂತೆ ಇಳಿಸಿದ ಕೇಸಿಂಗ್ ಪೈಪನ್ನು ನೆಲಮಟ್ಟಕ್ಕೇ ಕೊಯ್ದಿದ್ದರು. ಮೋಟಾರಿನ ಕೇಬಲ್ ಇಳಿಯುವ ಕಡೆ ಮುಚ್ಚಳದಲ್ಲಿ ಎರಡು ಬೆರಳು ತೂರುವಷ್ಟು ಸಂದು. ಸುತ್ತ ಮಣ್ಣು ಕುಸಿದು ತಗ್ಗಾಗಿತ್ತು. ಮಳೆ ಬಂದಾಗ ಅಲ್ಲಿ ನಿಂತು ನೋಡಿದೆ. ಮೇಲಿನ ಇಳಿಜಾರಿನ ಗೊಬ್ಬರದ ಗುಂಡಿಯಿಂದ ಕಂದು ನೀರು ಹರಿದು ಬಂದು ಆ ತಗ್ಗಿನಲ್ಲಿ ನಿಂತಿತು. ಸ್ವಲ್ಪ ಹೊತ್ತಿಗೆ ಇಂಗಿತು. ಇಂಗಿ ಎಲ್ಲಿಗೆ ಹೋಯಿತು ಅಂತ ಹೇಳಬೇಕಾಗಿಲ್ಲ, ಅಲ್ವಾ? ಆ ಬಾಯಿಯನ್ನು ಹಾಗೇ ಬಿಟ್ಟು ಮನೆಯೊಳಗೆ ಯಾವ ಮೆಷಿನ್ ಕೂರಿಸಿದರೂ, ಪ್ರತಿ ಮಳೆಗೂ ಅದೇ ಕೊಳೆ ಬರುತ್ತಿತ್ತು.

ಒಂದು ವಾರದ ಕೆಲಸ ಹಿಡಿಯಿತು. ಕೇಸಿಂಗಿಗೆ ತುಂಡು ಸೇರಿಸಿ ನೆಲದಿಂದ 45 ಸೆಂಟಿಮೀಟರ್ ಮೇಲಕ್ಕೆ ತಂದೆವು. ಕೇಸಿಂಗಿನ ಸುತ್ತ ಅಗೆದು ಸಿಮೆಂಟ್ ಗಾರೆ ತುಂಬಿ, ಮೇಲೆ ಹೊರಗಡೆಗೆ ಇಳಿಜಾರಿರುವ ಕಟ್ಟೆ ಹಾಕಿದೆವು. ರಬ್ಬರ್ ಬಿಗಿತ ಇರುವ ಮುಚ್ಚಳ ಕೂರಿಸಿದೆವು. ಗೊಬ್ಬರದ ಗುಂಡಿಯನ್ನು ಬಾವಿಗಿಂತ ತಗ್ಗಿನ ಕಡೆಗೆ, ದೂರಕ್ಕೆ ಸಾಗಿಸಿದೆವು. ಸೆಪ್ಟಿಕ್ ಟ್ಯಾಂಕಿನ ದೂರವನ್ನೂ ಟೇಪ್ ಹಿಡಿದು ಅಳೆದೆ. 30 ಮೀಟರಿಗಿಂತ ಜಾಸ್ತಿ ಇತ್ತು, ಸಮಾಧಾನವಾಯಿತು.

ಆಮೇಲೆ ಬಾವಿಗೆ ಕ್ಲೋರಿನ್. ಇದನ್ನು ಅಂದಾಜಿನ ಮೇಲೆ ಸುರಿಯಬಾರದು, ಲೆಕ್ಕ ಹಾಕಬೇಕು. ನಮ್ಮ ಕೇಸಿಂಗಿನ ಒಳಗಿನ ಅಗಲ 150 ಮಿಲಿಮೀಟರ್. ಅಷ್ಟು ಅಗಲಕ್ಕೆ ಒಂದು ಮೀಟರ್ ಆಳದಲ್ಲಿ ಸುಮಾರು 17.7 ಲೀಟರ್ ನೀರು ಇರುತ್ತದೆ. ನಮ್ಮಲ್ಲಿ 40 ಮೀಟರ್ ನೀರಿತ್ತು, ಅಂದರೆ 700 ಲೀಟರ್ ಚಿಲ್ಲರೆ. ಲೀಟರಿಗೆ 100 ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ ಒಟ್ಟು 70 ಗ್ರಾಂ. ಶೇ. 5ರ ಬ್ಲೀಚ್ ದ್ರಾವಣದಲ್ಲಿ ಲೀಟರಿಗೆ ಸುಮಾರು 50 ಗ್ರಾಂ ಇರುತ್ತದೆ. ಹಾಗಾಗಿ 1.4 ಲೀಟರ್ ಸಾಕು. ಟ್ಯಾಂಕ್ ಮತ್ತು ಪೈಪುಗಳಿಗೆ ಬೇರೆ ಲೆಕ್ಕ ಹಾಕಿದೆ. ಸುವಾಸನೆ ಬೆರೆಸದ, ಹೊಸದಾಗಿ ತಯಾರಾದ ಬ್ಲೀಚೇ ಬೇಕು. ಹಳೆಯದರಲ್ಲಿ ಶಕ್ತಿ ಉಳಿದಿರುವುದಿಲ್ಲ. ಆಸಿಡ್ ಜೊತೆ ಅದನ್ನು ಯಾವತ್ತೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ.

ಬಕೆಟ್ ನೀರಿನಲ್ಲಿ ಬ್ಲೀಚ್ ಕಲಸಿ ಸುರಿದೆ. ಮೋಟಾರ್ ಹಾಕಿ, ಮೇಲೆ ಬಂದ ನೀರನ್ನೇ ಮೆದುಗೊಳವೆಯಲ್ಲಿ ಮತ್ತೆ ಬಾವಿಗೆ ಬಿಟ್ಟೆ. ಕೇಸಿಂಗಿನ ಒಳಗೋಡೆ ತೊಳೆಯುವುದು ಹೀಗೆ. ಮನೆಯ ಒಂದೊಂದೇ ನಲ್ಲಿ ತಿರುಗಿಸಿ, ಕ್ಲೋರಿನ್ ವಾಸನೆ ಬಂದ ಮೇಲೆ ಮುಚ್ಚಿದೆ. ರಾತ್ರಿಯಿಡೀ ಹಾಗೇ ಬಿಟ್ಟೆವು. ಬೆಳಿಗ್ಗೆ ಆ ನೀರನ್ನೆಲ್ಲ ಗಿಡ, ಕೆರೆ, ಸೆಪ್ಟಿಕ್ ಟ್ಯಾಂಕ್ ಯಾವುದಕ್ಕೂ ತಾಗದ ಹಾಗೆ ಹೊರಗೆ ಹರಿಸಿದೆ. ಹತ್ತು ದಿನ ಬಿಟ್ಟು ಪರೀಕ್ಷೆ ಮಾಡಿಸಿದಾಗ ಇ. ಕೋಲಿ ಇರಲಿಲ್ಲ. ಒಂದು ವರದಿಯನ್ನು ನಂಬಿ ಕೂರಲಿಲ್ಲ. ಎರಡು ತಿಂಗಳಾದ ಮೇಲೆ, ಒಂದು ದೊಡ್ಡ ಮಳೆ ಹೊಡೆದ ಮಾರನೇ ದಿನ, ಮತ್ತೆ ಮಾಡಿಸಿದೆ. ಆಗಲೂ ಇರಲಿಲ್ಲ. ಆಮೇಲೆಯೇ ಕುದಿಸುವುದನ್ನು ನಿಲ್ಲಿಸಿದ್ದು.

ಇನ್ನು ಉಳಿದದ್ದು ಕಬ್ಬಿಣ. ಗಾಜಿನ ಜಾಡಿಯಲ್ಲಿ ನೀರು ಹಿಡಿದರೆ ಮೊದಲು ಕನ್ನಡಿಯ ಹಾಗೆ ತಿಳಿಯಾಗಿರುತ್ತಿತ್ತು. ಸಂಜೆಗೆ ಕೆಂಪಾಗಿ ಅಡಿಯಲ್ಲಿ ಪುಡಿ ಕೂರುತ್ತಿತ್ತು. ಅಂದರೆ ಕಬ್ಬಿಣ ಕರಗಿದ ರೂಪದಲ್ಲಿದೆ, ಗಾಳಿ ತಾಗಿದ ಮೇಲೆ ತುಕ್ಕಾಗುತ್ತದೆ. ಹಿಡಿಯುವಾಗಲೇ ಕೆಂಪಾಗಿದ್ದರೆ ಪೈಪಿನ ತುಕ್ಕನ್ನೂ ಅನುಮಾನಿಸಬೇಕು. ಲೋಳೆಯಂತೆ ಅಂಟಿಕೊಂಡರೆ ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದ ಕೆಲಸ. ಈ ಜಾಡಿ ಪರೀಕ್ಷೆಗೆ ಏನೂ ಖರ್ಚಿಲ್ಲ, ಆದರೆ ಯಾವ ಫಿಲ್ಟರ್ ಬೇಕು ಎಂಬುದರ ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ.

ನಮಗೆ ಗಾಳಿಯೇ ಸಾಕಾಯಿತು. ಬಾವಿಯಿಂದ ಬರುವ ನೀರನ್ನು ಶವರಿನ ಹಾಗೆ ಚಿಮ್ಮಿಸಿ ಕೆಳಗಿನ ಟ್ಯಾಂಕಿಗೆ ಬೀಳಿಸಿದೆ. ಅಲ್ಲಿ ತುಕ್ಕು ಅಡಿಗೆ ಕೂರುತ್ತದೆ. ಉಳಿದದ್ದನ್ನು ಮರಳಿನ ಫಿಲ್ಟರ್ ಹಿಡಿಯುತ್ತದೆ. ವಾರಕ್ಕೊಮ್ಮೆ ನೀರನ್ನು ಹಿಮ್ಮುಖವಾಗಿ ಬಿಟ್ಟು ಮರಳು ತೊಳೆಯುತ್ತೇನೆ. ಮೊದಲ ಸಲ ಬಂದ ನೀರಿನ ಬಣ್ಣ ನೋಡಿ ಮನೆಯವರೆಲ್ಲ ಬೆಚ್ಚಿದರು. ನಮ್ಮ ನೀರಿನ ಪಿಎಚ್ 7.4 ಇದ್ದದ್ದೂ ಅನುಕೂಲವಾಯಿತು. ನೀರು ಹುಳಿಯಾಗಿದ್ದರೆ ಬರೀ ಗಾಳಿಯಿಂದ ಕಬ್ಬಿಣ ಬೇಗ ಬೇರ್ಪಡುವುದಿಲ್ಲ.

ಕೊನೆಯಲ್ಲಿ ಯುವಿ ದೀಪ, ಅಂದರೆ ನೇರಳಾತೀತ ಬೆಳಕಿನಿಂದ ರೋಗಾಣು ಕೊಲ್ಲುವ ದೀಪ, ಹಾಕಿಸಿದೆ. ಅದು ಕೊನೆಯಲ್ಲೇ ಇರಬೇಕು. ಕಬ್ಬಿಣ ಇರುವ ನೀರನ್ನು ನೇರವಾಗಿ ಬಿಟ್ಟರೆ ದೀಪದ ಗಾಜಿನ ಕವಚಕ್ಕೆ ತುಕ್ಕು ಮೆತ್ತಿಕೊಂಡು ಬೆಳಕು ನೀರಿಗೆ ತಾಗುವುದಿಲ್ಲ. ದೀಪ ಉರಿಯುತ್ತಲೇ ಇರುತ್ತದೆ, ಕೆಲಸ ಮಾತ್ರ ನಡೆಯುವುದಿಲ್ಲ. ಕರೆಂಟು ಹೋದಾಗ ನೀರು ತಾನಾಗಿ ನಿಲ್ಲುವ ವಾಲ್ವ್ ಕೂಡ ಹಾಕಿಸಿದ್ದೇನೆ. ದೀಪವನ್ನು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಕಣ್ಣಿಗೆ ಹೊಳೆಯುತ್ತಿದ್ದರೂ ಒಳಗಿನ ಶಕ್ತಿ ಕುಂದಿರುತ್ತದೆ.

ಗಡಸುತನವನ್ನು ಬೇಕೆಂದೇ ಹಾಗೇ ಬಿಟ್ಟೆ. ಸೋಪು ಜಾಸ್ತಿ ಬೇಕು, ಹೀಟರಿನಲ್ಲಿ ಸುಣ್ಣ ಕಟ್ಟುತ್ತದೆ, ಆದರೆ ಕುಡಿಯಲು ತೊಂದರೆ ಇಲ್ಲ. ಆರ್‌ಒ ಕೂಡ ಬೇಕಾಗಲಿಲ್ಲ. ಫ್ಲೋರೈಡೋ ಆರ್ಸೆನಿಕ್ಕೋ ಮಿತಿ ಮೀರಿದ್ದರೆ ಅಡುಗೆಮನೆಯ ನಲ್ಲಿಗೆ ಖಂಡಿತ ಹಾಕಿಸುತ್ತಿದ್ದೆ. ಆರ್‌ಒ ಸೋಸುವಾಗ ಒಂದಷ್ಟು ನೀರನ್ನು ಹೊರಗೆ ಬಿಡುತ್ತದೆ. ಇಲ್ಲದ ತೊಂದರೆಗೆ ಸುಮ್ನೆ ಅಷ್ಟೊಂದು ನೀರು ಚೆಲ್ಲುವುದು ನನಗೆ ಒಪ್ಪಿಗೆಯಾಗಲಿಲ್ಲ.

ಪಂಪ್ ಪಕ್ಕದ ಗೋಡೆಗೆ ಒಂದು ನೋಟ್‌ಬುಕ್ ತೂಗುಹಾಕಿದ್ದೇನೆ. ಮರಳು ತೊಳೆದ ದಿನ, ದೀಪ ಬದಲಿಸಿದ ದಿನ, ಲ್ಯಾಬಿನ ಅಂಕಿಗಳು ಎಲ್ಲ ಅದರಲ್ಲಿವೆ. ಹೋದ ತಿಂಗಳ ಸಾಲಿನಲ್ಲಿ ಕಬ್ಬಿಣ 0.1, ಇ. ಕೋಲಿ ಇಲ್ಲ ಎಂದಿದೆ. ಮುಂದಿನ ಬಾಟಲಿ ತಂದಿಟ್ಟುಕೊಂಡಿದ್ದೇನೆ. ಮೊದಲ ದೊಡ್ಡ ಮಳೆ ಬಿದ್ದ ಮಾರನೇ ಬೆಳಿಗ್ಗೆ ನೀರು ಹಿಡಿಯಬೇಕು.