ಕರ್ನಾಟಕ ಸಂಗೀತ ಕಲಿತ ಕೈಯಲ್ಲಿ ‘ನಿಗುನ್’

ಕರ್ನಾಟಕ ಪಿಟೀಲು ಕಲಿತು ಆಮೇಲೆ ಪಾಶ್ಚಾತ್ಯ ವಯಲಿನ್‌ಗೆ ಬಂದವಳು ನಾನು. ನಿಂತು ನುಡಿಸುವುದು ರೂಢಿಯಾದ ಮೇಲೆ ಸಂಗೀತ ಸಂಯೋಜಕ ಅರ್ನೆಸ್ಟ್ ಬ್ಲಾಕ್ ಅವರ ‘ನಿಗುನ್’ ಕೈಗೆತ್ತಿಕೊಂಡೆ. ವಯಲಿನ್ ಮತ್ತು ಪಿಯಾನೋಗೆ ಬರೆದ 1923ರ ‘ಬಾಲ್ ಶೆಮ್’ ಕೃತಿಯ ಮೂರು ಭಾಗಗಳಲ್ಲಿ ಇದು ನಡುವಿನದು. ಬ್ಲಾಕ್ ಜಿನೀವಾದಲ್ಲಿ ಹುಟ್ಟಿದ ಯಹೂದಿ. ಆಗ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಸಂಗೀತ ಶಾಲೆ ನಡೆಸುತ್ತಿದ್ದರು. ಹೌದು, ವರ್ಷಾವರ್ಷ ತ್ಯಾಗರಾಜ ಆರಾಧನೆ ನಡೆಯುವ ಅದೇ ಕ್ಲೀವ್‌ಲ್ಯಾಂಡ್!

ಹಸೀದಿ ಎಂಬ ಭಕ್ತಿಪಂಥದ ಯಹೂದಿಗಳು ಪ್ರಾರ್ಥನೆಯಲ್ಲಿ, ಹಬ್ಬದೂಟದಲ್ಲಿ ಸೇರಿ ಹಾಡುವ ಧಾಟಿಗಳೇ ನಿಗುನ್. ಎಷ್ಟೋ ಧಾಟಿಗಳಿಗೆ ಸಾಹಿತ್ಯವೇ ಇಲ್ಲ, ಬರೀ ‘ಬಿಮ್ ಬಮ್’.

ಶುದ್ಧ ರಿಷಭದಿಂದ ಅಂತರ ಗಾಂಧಾರಕ್ಕೆ ಜಿಗಿಯುವುದು ಈ ಸಂಗೀತದಲ್ಲಿ ಜಾಸ್ತಿ. ಅವರ ‘ಆಹಾವಾ ರಬ್ಬಾ’ ಎಂಬ ಸ್ವರಶ್ರೇಣಿಯ ಸ್ವರಗಳು ನಮ್ಮ ವಕುಳಾಭರಣ ರಾಗದವೇ. ‘ಮಿ ಶೆಬೆರಾಖ್’ ಎಂಬ ಇನ್ನೊಂದು ಶ್ರೇಣಿಯವು ಹೇಮವತಿ ರಾಗದ ಸ್ವರಗಳು. ಹಾಗಾಗಿ ಕಿವಿಗೆ ಏನೂ ಹೊಸದಲ್ಲ. ಕಷ್ಟ ಇರುವುದೇ ಅಲ್ಲಿ! ರಿಷಭ ಬಂದರೆ ನನ್ನ ಬೆರಳು ತಾನಾಗಿ ಷಡ್ಜದ ಕಡೆ ತೂಗುತ್ತದೆ. ಇಲ್ಲಿ ಸ್ವರ ನೆಟ್ಟಗೆ ನಿಲ್ಲಬೇಕು. ಅದಕ್ಕೇ ಶ್ರುತಿಪೆಟ್ಟಿಗೆ ಹಾಕಿಕೊಂಡು ಪ್ರತಿ ಸಾಲನ್ನೂ ಗಮಕ, ವೈಬ್ರೇಟೋ (ಬೆರಳು ಅಲುಗಿಸಿ ಸ್ವರ ನಡುಗಿಸುವುದು) ಎರಡೂ ಇಲ್ಲದೆ ನುಡಿಸಿದೆ. ಬೋಳು ಬೋಳಾಗಿ ಕೇಳುತ್ತದೆ, ನಿಜ. ಆದರೆ ಬೆರಳು ಎಲ್ಲಿದೆ ಅನ್ನುವುದು ಗೊತ್ತಾಗುತ್ತದೆ. ವೈಬ್ರೇಟೋ ಸೇರಿಸಿದ್ದು ಕಡೆಗೆ.

‘ನಿಗುನ್’ಗೆ ‘ಇಂಪ್ರೊವೈಸೇಶನ್’, ಅಂದರೆ ಮನೋಧರ್ಮ, ಅಂತ ಉಪಶೀರ್ಷಿಕೆ ಇದೆ ಅಲ್ವಾ, ಅದನ್ನು ನಂಬಿ ಲಯ ಬಿಡಬೇಡಿ. ಪ್ರತಿ ಸ್ವರವೂ ಬರೆದಿಟ್ಟದ್ದೇ. ನಾನು ಲಯ ತೋರಿಸುವ ಮೆಟ್ರೊನೋಮ್ ಹಾಕಿ ಲೆಕ್ಕ ಗಟ್ಟಿ ಮಾಡಿಕೊಂಡೆ, ಆಮೇಲೆ ಸಡಿಲ ಬಿಟ್ಟೆ.

ಕಮಾನಿನ ಕೆಲಸಕ್ಕೆ ದಾರಿ ತೋರಿಸಿದ್ದು ಯೊಸೆಲೆ ರೋಸೆನ್‌ಬ್ಲಾಟ್ ಅವರ ಹಳೆಯ ರೆಕಾರ್ಡ್‌ಗಳು. ಅವರು ಯಹೂದಿ ಪ್ರಾರ್ಥನಾ ಮಂದಿರದ ಗಾಯಕರು, ಅಂದರೆ ಖಜಾನ್. ಉದ್ದ ಸ್ವರವನ್ನು ಹೇಗೆ ತೆಗೆಯುತ್ತಾರೆ, ಎಲ್ಲಿ ಉಸಿರು, ಸಾಲಿನ ಕೊನೆಯಲ್ಲಿ ಅಳುವಿನಂಥ ಆ ಬಿಕ್ಕು ಎಲ್ಲಿ ಬರುತ್ತದೆ ಅಂತ ಕೇಳುತ್ತಾ ಪ್ರತಿ ಸಾಲನ್ನೂ ಬಾಯಲ್ಲಿ ಹಾಡಿಕೊಂಡೆ. ಉಸಿರು ತೆಗೆದುಕೊಂಡ ಕಡೆ ಕಮಾನು ತಿರುಗಿಸಿದೆ. ಉದ್ದ ಸ್ವರಗಳನ್ನು ಹಗುರವಾಗಿ ಶುರು ಮಾಡಿ ಆಮೇಲೆ ತೂಕ ಹಾಕಿದೆ. ಜಾರು ಮಾತ್ರ ಬಹಳ ಕಮ್ಮಿ. ಪ್ರತಿ ಸ್ವರಕ್ಕೂ ಜಾರಿ, ಅತ್ತು ಕರೆದು ನುಡಿಸುವವರಿದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಒಂದು ಬಿಕ್ಕು ಸಾಕು, ಅದೂ ಸಾಲು ಮುಗಿಯುವಲ್ಲಿ.

ಪಿಯಾನೋದವರ ಪ್ರತಿಯಲ್ಲೂ ನಿಮ್ಮ ಉಸಿರಿನ ಜಾಗಗಳನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಡಿ. ‘ನಿಗುನ್’ ಭಾರ ಅನ್ನಿಸಿದರೆ ಮೊದಲ ಭಾಗ ‘ವಿದುಯಿ’ಯಿಂದ ಶುರು ಮಾಡಬಹುದು. ಅದು ಚಿಕ್ಕದು, ನಿಧಾನವಾಗಿಯೂ ಇದೆ.