ಮೂರನೇ ಸಲಕ್ಕೆ ದಕ್ಕಿದ ಮೊಟ್ಟೆಚೀಲ: ನನ್ನ ಅನುಭವ

ಹೋದ ಆಗಸ್ಟ್‌ನಲ್ಲಿ ನಮ್ಮ ಓಹಾಯೋದ ಮನೆಯಲ್ಲಿ ನನ್ನ ಥೆರಫೋಸಾ ಸ್ಟಿರ್ಮಿ, ಅಂದರೆ ಬಿಲದಲ್ಲಿರುವ ದೈತ್ಯ ಟರಾಂಟುಲಾ ಜೇಡ, ಮೊಟ್ಟೆಚೀಲ ಕಟ್ಟಿದಳು. ಎಪ್ಪತ್ತರ ಮೇಲೆ ಮರಿ ಬದುಕಿವೆ. "ಗಯಾನಾ ಕಾಡಿನ ಜೇಡ ರೀ ಅದು, ಮೇಲ್ಮಣ್ಣು ಒಣಗಿಸಿದ್ರೆ ಸತ್ತೇ ಹೋಗುತ್ತೆ" ಅಂತ ನಾಲ್ಕು ವರ್ಷ ಬುದ್ಧಿ ಹೇಳಿದವರೇ ಈಗ ಮರಿ ಕೇಳ್ತಿದ್ದಾರೆ.

ಮೊದಲನೆಯವಳನ್ನು ನಾನೂ ಎಲ್ಲರಂತೆಯೇ ಸಾಕಿದ್ದೆ. ಗಾಜಿನ ತೊಟ್ಟಿ, ಬಿಗಿ ಮುಚ್ಚಳ, ದಿನಕ್ಕೆರಡು ಸಲ ಸ್ಪ್ರೇ. ತೇವ ಅಳೆಯುವ ಹೈಗ್ರೋಮೀಟರ್ ಶೇಕಡಾ 85ರ ಕೆಳಗಿಳಿದರೆ ನಿದ್ದೆ ಬರುತ್ತಿರಲಿಲ್ಲ. ಮಾರಿದವರು ಬ್ಲಾಂಡಿ ಅಂದಿದ್ದರು, ಅದು ಸ್ಟಿರ್ಮಿಯನ್ನೇ ಹೋಲುವ ಇನ್ನೊಂದು ಜಾತಿ, ಮಂಡಿಯ ಮೇಲೆ ರೋಮ ಇರುತ್ತೆ. ಇವಳ ಮಂಡಿ ಬೋಳಾಗಿತ್ತು, ಸ್ಟಿರ್ಮಿಯೇ. 2010ರಲ್ಲಿ ಎರಡೂ ಬೇರೆ ಅಂತ ಹೆಸರಿಟ್ಟರೂ ಮಾರುವವರ ಬಾಯಲ್ಲಿ ಇನ್ನೂ ಒಂದೇ. ತೊಟ್ಟಿಯಲ್ಲಿ ಬೂಷ್ಟು ಹಿಡಿಯಿತು, ನುಸಿ ಬಂತು, ಆಮೇಲೆ ಕೊಳೆತದ್ದರಲ್ಲಿ ಹುಳ ಬಿಡುವ ಪುಟ್ಟ ಫೋರಿಡ್ ನೊಣ. ಪೊರೆ ಬಿಡಲು ಅಂಗಾತ ಮಲಗಿದವಳು ಅರ್ಧಕ್ಕೇ ಸಿಕ್ಕಿಕೊಂಡು ಸತ್ತಳು. ಸುಮಾರು 140 ಡಾಲರ್, ಮೂರು ವರ್ಷದ ಆರೈಕೆ ಎಲ್ಲ ಹೋಯಿತು. ವಾರಗಟ್ಟಲೆ ಆ ತೊಟ್ಟಿ ತೊಳೆಯಲು ಮನಸ್ಸಾಗಲಿಲ್ಲ.

ಆ ಮಾರ್ಚ್‌ನಲ್ಲಿ ಶಿರಸಿ ಕಡೆಯ ನಮ್ಮ ತೋಟಕ್ಕೆ ಹೋಗಿದ್ದೆ. ಮೇಲೆ ತರಗೆಲೆ ಚರಚರ ಅನ್ನುತ್ತಿತ್ತು, ಒಂದು ಗುದ್ದಲಿ ಏಟು ಹಾಕಿದರೆ ಕೆಳಗೆ ತಣ್ಣನೆ ಮಣ್ಣು. ಬಿಲದ ಜೇಡ ಹಗಲೆಲ್ಲ ಇರುವುದು ಆ ತಣ್ಣನೆಯ ಜಾಗದಲ್ಲಿ ತಾನೇ?

ಎರಡನೆಯವಳಿಗೆ ಒಂದೂವರೆ ಗೇಣು ಆಳ ಮಣ್ಣು ತುಂಬಿದೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ), ತೋಟದ ಮಣ್ಣು, ಜೊತೆಗೆ ಇನ್ನೊಂದು ಸಾಮಾನು. ಅದನ್ನು ಇಲ್ಲಿ ಹೇಳಲಾರೆ, ಕಂಡುಕೊಳ್ಳಲು ನನಗೆ ಎರಡು ವರ್ಷ ಹಿಡಿದಿದೆ. ಮೂಲೆಯಲ್ಲಿ ತಳದವರೆಗೆ ಪಿವಿಸಿ ಪೈಪ್ ಇಳಿಸಿ, ವಾರಕ್ಕೊಮ್ಮೆ ಒಂದೂವರೆ ಲೀಟರ್‌ನಷ್ಟು ನೀರು ಅದರೊಳಗೇ ಬಿಡುವುದು. ಎರಡೂ ಪಕ್ಕಕ್ಕೆ ಗಾಳಿತೂತು. ಸ್ಪ್ರೇ ಬಾಟಲಿ ಎಸೆದೆ. ಜನವರಿಯಲ್ಲಿ ಹೀಟರ್ ಹಗಲೂ ರಾತ್ರಿ ಉರಿದು ಕೋಣೆ ಒಣಗಿ ಹೋದಾಗಲೂ ಅವಳು ಒಂದೇ ರಾತ್ರಿಯಲ್ಲಿ ಪೊರೆ ಬಿಟ್ಟು ಎದ್ದಳು.

ಮರಿಯಾದರೆ ಅರ್ಧ ಗಂಡಿನವರಿಗೆ, ಈ ಅರ್ಧ ಪಾಲಿನ ಮಾತಿಗೆ ಗಂಡು ಜೇಡ ತಂದೆ. ಸ್ಟಿರ್ಮಿ ಗಂಡಿಗೆ ಮುಂಗಾಲಲ್ಲಿ ಕೊಕ್ಕೆಯಿಲ್ಲ, ಹೆಣ್ಣಿನ ಹಲ್ಲು ತಡೆದು ಹಿಡಿಯುವ ಉಪಾಯವೇ ಇಲ್ಲ. ಉದ್ದ ಇಕ್ಕಳ ಹಿಡಿದು ಕೂತಿದ್ದೆ, ಬೇಕಾಗಲಿಲ್ಲ. ಆದರೆ ನಾಲ್ಕು ತಿಂಗಳಿಗೆ ಅವಳು ಪೊರೆ ಬಿಟ್ಟಳು. ಪೊರೆಯ ಜೊತೆ ವೀರ್ಯಚೀಲದ ಒಳಪದರವೂ ಕಳಚುತ್ತದೆ, ಕೂಡಿಟ್ಟ ವೀರ್ಯವೂ ಹೋಗುತ್ತದೆ. ಗಂಡಿನ ಸಾಗಣೆಗೆ ಕೊಟ್ಟ ಅರವತ್ತು ಡಾಲರೂ ಅದರ ಜೊತೆಗೇ ಹೋಯಿತು. ಮರು ವರ್ಷ ಕೂಡಿಸಿದಾಗ ಮೊಟ್ಟೆಚೀಲವನ್ನು ಹನ್ನೆರಡನೇ ದಿನ ತಿಂದುಬಿಟ್ಟಳು. ಪಕ್ಕದ ಕೋಣೆಯಲ್ಲಿ ಬಡಗಿ ಕೆಲಸ ನಡೆದಿತ್ತು, ಆ ಅದುರಿಗೇ ಅಂತ ನನ್ನ ನಂಬಿಕೆ.

ಮೂರನೇ ಸಲ ಹೊಸ ಪೊರೆ ಬಿಟ್ಟ ಆರೇಳು ವಾರಕ್ಕೇ ಗಂಡು ಬಿಟ್ಟೆ. ಹೊಟ್ಟೆ ಉಬ್ಬುವವರೆಗೆ ಡೂಬಿಯಾ ಜಿರಳೆ ತಿನ್ನಿಸಿ, ಆಮೇಲೆ ಪೈಪಿನ ನೀರು ನಿಲ್ಲಿಸಿ ಬೇಸಿಗೆ ಮಾಡಿ, ಒಂದು ದಿನ ಮಳೆಗಾಲ ಹಿಡಿದಂತೆ ತಣ್ಣೀರು ಸುರಿದೆ. ಎಷ್ಟು ದಿನ ಒಣಗಿಸಿದೆ ಅನ್ನುವುದು ನನ್ನಲ್ಲೇ ಇರಲಿ. ತೊಟ್ಟಿಯ ಮೇಲೆ ಕಪ್ಪು ಬಟ್ಟೆ ಹೊದಿಸಿ, ಮನೆಯವರಿಗೆಲ್ಲ ಆ ಕೋಣೆ ಬಂದ್ ಮಾಡಿದೆ.

ನಡುವೆ ಇನ್ನೊಂದು ಪ್ರಯೋಗ. ಅವಳ ಬುಸುಗುಟ್ಟುವ ಸದ್ದನ್ನು ಫೋನಿನಲ್ಲಿ ಹಿಡಿದು, ಅದನ್ನೇ ಅವಳಿಗೆ ಕೇಳಿಸಿದೆ. ಕದಲಲಿಲ್ಲ. ಆದರೆ ಕಟ್ಟಿಗೆಯ ಕೋಲಿನಿಂದ ನೆಲ ಕುಟ್ಟಿದರೆ ತಕ್ಷಣ ಮುಂಗಾಲೆತ್ತುತ್ತಾಳೆ. ಇವುಗಳ ಲೋಕ ಹೆಚ್ಚಾಗಿ ನೆಲದ ಅದುರಿನಲ್ಲೇ ಇದೆ.

ಮೊಟ್ಟೆಚೀಲ ಕಟ್ಟಿದ ಮೂವತ್ತೈದನೇ ದಿನದ ಹೊತ್ತಿಗೆ ಅದನ್ನು ಹೊರತೆಗೆದೆ. ಕೈಗವಸು ಹಾಕಿಕೊಳ್ಳಲೇಬೇಕು: ತಾಯಿ ತನ್ನ ಹೊಟ್ಟೆಯ ತುರಿಕೆ ರೋಮವನ್ನು ಚೀಲದ ರೇಷ್ಮೆಯಲ್ಲೇ ಸೇರಿಸಿ ನೇಯುತ್ತಾಳೆ, ನೊಣದ ಹುಳ ಒಳಗೆ ನುಗ್ಗದಂತೆ. ನನ್ನ ಮಣಿಕಟ್ಟು ಹತ್ತು ದಿನ ಉರಿಯಿತು.

ಅರ್ಧ ಮರಿ ಗಂಡಿನವರಿಗೆ ಹೋಯಿತು. ಉಳಿದದ್ದು ಮಾರಿ ಹಳೇ ನಷ್ಟವೆಲ್ಲ ತುಂಬಿತು, ಆರು ಮರಿ ಇಟ್ಟುಕೊಂಡಿದ್ದೇನೆ. ತಾಯಿ ಸೊರಗಿದ್ದವಳು ಮತ್ತೆ ತಿನ್ನುತ್ತಿದ್ದಾಳೆ, ಬೇಸಿಗೆಗೆ ಪೊರೆ ಬಿಡಬಹುದು. ಬಲಿತ ಸ್ಟಿರ್ಮಿ ಗಂಡು ಯಾರಲ್ಲಾದರೂ ಇದ್ದರೆ ಹೇಳಿ, ಅರ್ಧ ಪಾಲಿನ ಲೆಕ್ಕವೇ.