ಬೂಸಾಕ್ಕೆ ಹೆಪ್ಪು ಹಾಕಿದೆ

"ಎಷ್ಟು ಹಸು ಕಟ್ಟಿದ್ದೀರಾ ಅಕ್ಕ?"

ತುಮಕೂರಿನ ಮಂಡಿಪೇಟೆಯಲ್ಲಿ ಐದು ಕೆಜಿ ಗೋಧಿ ಬೂಸಾ ಕೊಡಿ ಅಂದಾಗ ಅಂಗಡಿಯವರು ಕೇಳಿದ್ದು ಇದು. ಹಸು ಇಲ್ಲಣ್ಣ, ಅಡುಗೆಮನೆ ಕಸಕ್ಕೆ ಬೇಕು ಅಂದೆ. ತಕ್ಕಡಿಗೆ ಸುರಿಯುತ್ತಿದ್ದ ಕೈ ಹಾಗೇ ನಿಂತಿತು. ಅವತ್ತು ಅವರಿಗೆ ಸರಿಯಾಗಿ ಬಿಡಿಸಿ ಹೇಳಲು ನನಗೆ ಬರಲಿಲ್ಲ. ಈಗಾದರೆ ಹೇಳುತ್ತೇನೆ. ಹಾಲಿಗೆ ಹೆಪ್ಪು ಹೇಗೋ, ಕಸಕ್ಕೆ ಈ ಬೂಸಾ ಹಾಗೆ.

ಅತ್ತೆಯವರು ಗುಬ್ಬಿ ಕಡೆಯವರು. ಅವರ ಹಳ್ಳಿ ಮನೆಯಲ್ಲಿ ಕಸ ಅನ್ನುವ ಮಾತೇ ಇರಲಿಲ್ಲ. ಅಕ್ಕಿ ತೊಳೆದ ನೀರು, ಉಳಿದ ಮುದ್ದೆ, ತರಕಾರಿ ಸಿಪ್ಪೆ ಎಲ್ಲ ಕಲಗಚ್ಚಿನ ಮಡಕೆಗೆ, ಅಲ್ಲಿಂದ ಹಸುವಿಗೆ. ಮಿಕ್ಕಿದ್ದು ತಿಪ್ಪೆಗೆ. ಪೇಟೆ ಮನೆಗೆ ಬಂದ ಮೇಲೆ ಹಸುವೂ ಇಲ್ಲ, ತಿಪ್ಪೆಯೂ ಇಲ್ಲ. ಇರುವುದು ಒಂದು ತೆಂಗಿನ ಮರ, ಒಂದು ದಾಸವಾಳ, ಒಂದು ಕರಿಬೇವು ಇರುವ ಸಣ್ಣ ಹಿತ್ತಲು. ಮೊದಲು ಮಣ್ಣಿನ ಮಡಕೆಯಲ್ಲಿ ಗೊಬ್ಬರ ಮಾಡುತ್ತಿದ್ದೆ. ಮಳೆಗಾಲ ಬಂದರೆ ನೊಣ, ವಾಸನೆ. ಅನ್ನ, ಸಾರಿನ ತರಕಾರಿ ಹಾಕುವ ಹಾಗೇ ಇಲ್ಲ. ಆಗ ಪರಿಚಯದವರೊಬ್ಬರು ಬೊಕಾಶಿ ಬಕೆಟ್, ಅಂದರೆ ಅಡುಗೆಮನೆ ಕಸಕ್ಕೆ ಪುಡಿ ಉದುರಿಸಿ ಮುಚ್ಚಿಟ್ಟು ಹುಳಿ ಬರಿಸುವ ಬಕೆಟ್ ಕೊಟ್ಟರು. ಚೆನ್ನಾಗಿತ್ತು. ಆದರೆ ಅದಕ್ಕೆ ಹಾಕುವ ಪುಡಿ ಪ್ಯಾಕೆಟ್ ತಿಂಗಳು ತಿಂಗಳು ಖಾಲಿ. ಪ್ಯಾಕೆಟ್ ಹಿಂದೆ ಬರೆದಿದ್ದನ್ನು ಓದಿದೆ. ಹೊಟ್ಟು, ಬೆಲ್ಲದ ಪಾಕ, ಸೂಕ್ಷ್ಮಜೀವಿ, ಅಷ್ಟೇ. ಇದನ್ನು ನಾವೇ ಮಾಡಬಾರದಾ ಅನ್ನಿಸಿತು.

ಬೊಕಾಶಿ ಜಪಾನಿನ ಮಾತು. ತೌಡು, ಹಿಂಡಿ ಇಂಥವನ್ನು ಹುಳಿ ಬರಿಸಿ ಹೊಲಕ್ಕೆ ಹಾಕುವುದು ಅಲ್ಲಿನ ರೈತರ ಹಳೆಯ ರೂಢಿ. 1980ರ ದಶಕದಲ್ಲಿ ಓಕಿನಾವಾದ ಪ್ರಾಧ್ಯಾಪಕ ತೆರುವೊ ಹಿಗಾ ಅವರು ಇಎಂ (ಎಫೆಕ್ಟಿವ್ ಮೈಕ್ರೋಆರ್ಗನಿಸಮ್ಸ್, ಅಂದರೆ ಉಪಯುಕ್ತ ಸೂಕ್ಷ್ಮಜೀವಿಗಳು) ಎಂಬ ದ್ರಾವಣವನ್ನು ಬಳಕೆಗೆ ತಂದ ಮೇಲೆ ಈ ಪದ್ಧತಿ ಹೊರದೇಶಗಳಿಗೂ ಹರಡಿತು. ಇಎಂನಲ್ಲಿ ಮೊಸರು ಮಾಡುವ ಜಾತಿಯ ಬ್ಯಾಕ್ಟೀರಿಯಾ, ಯೀಸ್ಟ್, ಬೆಳಕಿನಿಂದ ಬದುಕುವ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಇರುತ್ತವೆ. ನಾನು ಮನೆಯಲ್ಲಿ ಮಾಡುವುದರಲ್ಲಿ ಮುಖ್ಯವಾಗಿ ಮೊದಲನೆಯದೇ ಇರುವುದು. ಅಡುಗೆಮನೆ ಕಸಕ್ಕೆ ಅದು ಸಾಕಾಗಿದೆ.

ಕೆಲಸ ಶುರುವಾಗುವುದು ಅಕ್ಕಿ ತೊಳೆದ ನೀರಿನಿಂದ. ಎರಡು ಪಾವು ಅಕ್ಕಿ ತೊಳೆದ ಮೊದಲ ನೀರು, ಹಾಲಿನ ಹಾಗೆ ಬೆಳ್ಳಗಿರುತ್ತದಲ್ಲ, ಅದನ್ನು ಗಾಜಿನ ಭರಣಿಗೆ ಮುಕ್ಕಾಲು ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಬಿಸಿಲು ಬೀಳದ ಕಡೆ ಇಡುತ್ತೇನೆ. ಮುಚ್ಚಳ ಬಿಗಿ ಮಾಡಬಾರದು. ಬೇಸಿಗೆಯಲ್ಲಿ ಎರಡು ದಿನಕ್ಕೆ, ಚಳಿಯಲ್ಲಿ ನಾಲ್ಕು ದಿನಕ್ಕೆ ಹದವಾಗಿ ಹುಳಿ ವಾಸನೆ ಬರುತ್ತದೆ. ಆಗ ನೋಡಿದರೆ ಮೂರು ಪದರ. ತಳದಲ್ಲಿ ಗಂಜಿಯ ಗಸಿ, ಮೇಲೆ ತೆಳ್ಳಗಿನ ಕೆನೆ, ನಡುವೆ ತಿಳಿ. ನಮಗೆ ಬೇಕಾದದ್ದು ನಡುವಿನ ತಿಳಿ. ಬಗ್ಗಿಸಿದರೆ ಎಲ್ಲ ಕದಡಿಹೋಗುತ್ತದೆ. ಮಗನಿಗೆ ಸಿರಪ್ ಕುಡಿಸಲು ಕೊಟ್ಟಿದ್ದ ಸೂಜಿ ಇಲ್ಲದ ಸಿರಿಂಜ್ ಒಂದಿತ್ತು. ಅದರಲ್ಲಿ ಎಳೆದೆಳೆದು 100 ಮಿಲಿ ತೆಗೆಯುತ್ತೇನೆ. ಈಗಲೂ ಅದೇ ಸಿರಿಂಜ್.

ಈ 100 ಮಿಲಿಗೆ ಒಂದು ಲೀಟರ್ ಹಾಲು. ಅಂದರೆ ಒಂದಕ್ಕೆ ಹತ್ತು. ಪ್ಯಾಕೆಟ್ ಹಾಲನ್ನು ಕಾಯಿಸದೆ ಹಾಗೇ ಹಾಕುತ್ತೇನೆ. ಮತ್ತೆ ಬಟ್ಟೆ ಕಟ್ಟಿ ಇಟ್ಟು ಅಲ್ಲಾಡಿಸದೆ ಬಿಡಬೇಕು. ಮೂರನೇ ದಿನವೋ ಐದನೇ ದಿನವೋ ನೋಡಿದರೆ ಮೇಲೆ ಬೆಳ್ಳಗೆ ದಪ್ಪ ಗಡ್ಡೆ ತೇಲುತ್ತಿರುತ್ತದೆ, ಕೆಳಗೆ ತಿಳಿ ಹಳದಿ ನೀರು. ಬಟ್ಟೆಯಲ್ಲಿ ಸೋಸಿದರೆ ಅರ್ಧ ಲೀಟರಿಗಿಂತ ಜಾಸ್ತಿ ಸಿಗುತ್ತದೆ. ಆ ಹಳದಿ ನೀರೇ ಹೆಪ್ಪು. ಅದನ್ನು ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿ ಇಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಫ್ರಿಜ್ ಬೇಡ ಎನ್ನುವವರು ಅಷ್ಟೇ ತೂಕದ ಬೆಲ್ಲ ಕರಗಿಸಿ ಹೊರಗೇ ಇಡಬಹುದು. ಆದರೆ ಮುಚ್ಚಳ ಸಡಿಲ ಇರಲಿ, ಒಳಗೆ ಗಾಳಿ ಕಟ್ಟುತ್ತದೆ. ಗಡ್ಡೆಯನ್ನು ನಾನು ತೆಂಗಿನ ಬುಡದಲ್ಲಿ ಹೂಳುತ್ತೇನೆ.

ಬರೀ ಮೊಸರಿನ ನೀರು ಆಗುವುದಿಲ್ಲವಾ ಅಂತ ಅತ್ತೆಯವರೇ ಕೇಳಿದರು. ಆಗಬಹುದು. ಮಾಡುವವರೂ ಇದ್ದಾರೆ. ನನಗೆ ಅಕ್ಕಿ ನೀರಿನ ದಾರಿ ಸರಿಬಂತು, ಅದನ್ನೇ ಹಿಡಿದಿದ್ದೇನೆ.

ಇನ್ನು ಬೂಸಾ. ಅಂಗಡಿಯಲ್ಲಿ ರವೆ ಬೂಸಾ, ಚಕ್ಕೆ ಬೂಸಾ ಅಂತ ಎರಡು ತರಹ ಸಿಗುತ್ತದೆ. ರವೆ ಬೂಸಾ ಸಣ್ಣ, ಚಕ್ಕೆ ಬೂಸಾ ಅಗಲ ಅಗಲ. ನನ್ನ ಓಟು ಚಕ್ಕೆ ಬೂಸಾಕ್ಕೆ. ನೀರು ಸ್ವಲ್ಪ ಹೆಚ್ಚುಕಮ್ಮಿ ಆದರೂ ಅಂಟು ಕಟ್ಟುವುದಿಲ್ಲ. ಅಕ್ಕಿ ತೌಡೂ ಆಗುತ್ತದೆ, ಆದರೆ ಅದರಲ್ಲಿ ಎಣ್ಣೆ ಜಾಸ್ತಿ, ಹಳೆಯದಾದರೆ ಕಮಟು ಹಿಡಿಯುತ್ತದೆ. ಉಪ್ಪು, ಖನಿಜ ಎಲ್ಲ ಬೆರೆಸಿದ ಪಶು ಆಹಾರ ಮಾತ್ರ ಬೇಡ. ಬರೀ ಬೂಸಾ ಅಂತ ಕೇಳಿ ತನ್ನಿ.

ಮೊದಲ ಸಲ ನಾನು ಕೆಟ್ಟದ್ದು ಇಲ್ಲೇ. ಐದು ಕೆಜಿ ಬೂಸಾವನ್ನು ದೊಡ್ಡ ಬೇಸಿನ್‌ಗೆ ಸುರಿದು, ಮೂರು ಲೀಟರ್ ನೀರು ಒಟ್ಟಿಗೇ ಹುಯ್ದೆ. ಕೈಗೆ ಮೆತ್ತಗೆ ಹಿತವಾಗಿತ್ತು, ಚಪಾತಿ ಹಿಟ್ಟು ಕಲಸಿದ ಹಾಗೆ. ಬಕೆಟ್ಟಿಗೆ ಅರ್ಧ ತುಂಬಿ, ಮೇಲೆ ಅರ್ಧ ಖಾಲಿ ಬಿಟ್ಟು ಮುಚ್ಚಳ ಹಾಕಿದೆ. ಹತ್ತನೇ ದಿನ ತೆಗೆದು ನೋಡಿದರೆ ಮೇಲೆ ಪೂರ್ತಿ ಹಸಿರು, ಕಪ್ಪು ಬೂಷ್ಟು. ನೆನೆದ ಗೋಣಿಚೀಲ ಕೊಳೆತ ವಾಸನೆ. ಐದು ಕೆಜಿಯನ್ನೂ ಹಿತ್ತಲಲ್ಲಿ ಗುಂಡಿ ತೋಡಿ ಹೂತೆ. ತುಂಬ ಬೇಜಾರಾಯಿತು. ದನ ತಿನ್ನುವ ಪದಾರ್ಥ ಹಾಳಾಯಿತಲ್ಲ ಅಂತ ಅತ್ತೆಯವರಿಗೆ ನನಗಿಂತ ಜಾಸ್ತಿ ನೋವು.

ಆಮೇಲೆ ತಿಳಿದದ್ದು ಎರಡೇ ವಿಷಯ, ನೀರು ಮತ್ತು ಗಾಳಿ. ಮೊಸರಿನ ಜಾತಿಯ ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಕಿಲ್ಲ. ಬೂಷ್ಟಿಗೆ ಬೇಕು. ಖಾಲಿ ಬಿಟ್ಟ ಅರ್ಧ ಬಕೆಟ್ ಗಾಳಿಯೇ ಅದಕ್ಕೆ ಊಟ ಹಾಕಿತ್ತು. ನೀರು ಜಾಸ್ತಿಯಾದರೆ ಹುಳಿ ಏರುವ ಮೊದಲೇ ಕೊಳೆಸುವ ಜೀವಿಗಳು ಸೇರಿಕೊಳ್ಳುತ್ತವೆ.

ಎರಡನೇ ಸಲದ ಲೆಕ್ಕ ಹೀಗೆ, ಈಗಲೂ ಇದೇ. ಐದು ಕೆಜಿ ಬೂಸಾಕ್ಕೆ 100 ಮಿಲಿ ಹೆಪ್ಪಿನ ನೀರು, 100 ಗ್ರಾಂ ಬೆಲ್ಲ, ಒಂದೂವರೆಯಿಂದ ಎರಡು ಲೀಟರ್ ನೀರು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ಹೆಪ್ಪನ್ನೇ ಕೊಲ್ಲುತ್ತದೆ. ಅದಕ್ಕೆ ಹಿಂದಿನ ರಾತ್ರಿಯೇ ಅಗಲ ಬಾಯಿಯ ಪಾತ್ರೆಯಲ್ಲಿ ಹಿಡಿದು ತೆರೆದಿಡುತ್ತೇನೆ. ಬೆಲ್ಲ ಕರಗಿಸಲು ಒಂದು ಲೋಟ ನೀರು ಬಿಸಿ ಮಾಡುತ್ತೇನೆ, ಪೂರ್ತಿ ಆರಿದ ಮೇಲಷ್ಟೇ ಹೆಪ್ಪಿನ ನೀರು ಬೆರೆಸುವುದು.

ಈಗ ಕಲಸುವುದು. ಒಂದು ಲೀಟರ್ ಮುಗಿಯುವವರೆಗೆ ಧಾರಾಳವಾಗಿ ಚಿಮುಕಿಸಬಹುದು. ಅಲ್ಲಿಂದ ಮುಂದೆ ಒಂದೊಂದು ಲೋಟ. ಪ್ರತಿ ಲೋಟಕ್ಕೂ ತಳದಿಂದ ಮೇಲಕ್ಕೆ ಎತ್ತಿ, ಎರಡು ಅಂಗೈ ನಡುವೆ ಉಜ್ಜಿ ಗಂಟು ಒಡೆಯಬೇಕು. ಗೊಜ್ಜವಲಕ್ಕಿಗೆ ಅವಲಕ್ಕಿ ನೆನೆಸುತ್ತೇವಲ್ಲ, ಆ ಹದ. ಕೈಗೆ ತೇವ ತಿಳಿಯಬೇಕು, ನೀರು ಕಾಣಬಾರದು. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡುತ್ತೇನೆ. ಬೆರಳ ಸಂದಿಯಲ್ಲಿ ಒಂದು ಹನಿ ಬಂದರೂ ನೀರು ಜಾಸ್ತಿ, ಒಣ ಬೂಸಾ ಸೇರಿಸಬೇಕು. ಕೈ ಬಿಚ್ಚಿದಾಗ ಉಂಡೆ ನಿಲ್ಲಬೇಕು, ಐದು ಬೆರಳ ಗುರುತು ಅದರ ಮೇಲೆ ಕಾಣಬೇಕು. ಹೆಬ್ಬೆರಳಿಂದ ಮೆಲ್ಲಗೆ ಒತ್ತಿದರೆ ಪುಡಿಪುಡಿಯಾಗಿ ಬೀಳಬೇಕು. ಇದೊಂದು ಹದ ಕೈಗೆ ಬಂದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಅತ್ತೆಯವರು ಬಂದು ಒಂದು ಹಿಡಿ ಹಿಂಡಿ ನೋಡಿ, "ಇನ್ನರ್ಧ ಲೋಟ ಹಾಕಮ್ಮ, ಒಣಗ್ತಾ ಇದೆ" ಅಂದರು. ಅವರ ಅಂದಾಜು ಸರಿಯಾಗಿತ್ತು. ಅಲ್ಲಿಂದ ಈಚೆಗೆ ಹದ ನೋಡುವುದು ಅವರೇ.

ಕಲಸಿದ್ದನ್ನು ದಪ್ಪ ಪ್ಲಾಸ್ಟಿಕ್ ಕವರಿಗೆ ತುಂಬಿ, ನೆಲದ ಮೇಲೆ ಇಟ್ಟು, ಮೊಣಕಾಲು ಊರಿ ಅದುಮಿ ಗಾಳಿಯನ್ನೆಲ್ಲ ಹೊರಗೆ ಹಾಕುತ್ತೇನೆ. ಬಾಯಿ ತಿರುಚಿ ರಬ್ಬರ್ ಹಾಕಿ, ಇನ್ನೊಂದು ಕವರ್ ತೊಡಿಸಿ, 20 ಲೀಟರಿನ ಹಳೆಯ ಪೇಂಟ್ ಬಕೆಟ್ಟಿನಲ್ಲಿಟ್ಟು ಮುಚ್ಚಳ. ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ತಾರೀಕು. ಮಾರ್ಚ್, ಏಪ್ರಿಲ್‌ನಲ್ಲಿ ಎರಡು ವಾರ ಸಾಕು. ಡಿಸೆಂಬರ್ ಚಳಿಯಲ್ಲಿ ನಾಲ್ಕು ವಾರ ಬಿಡುತ್ತೇನೆ. ನಡುವೆ ತೆಗೆದು ನೋಡಬಾರದು. ಎಷ್ಟು ಆಸೆಯಾದರೂ ಬೇಡ.

ಎರಡನೇ ಸಲ ಮಾಡಿದ ಆ ಕವರ್ ಬಿಚ್ಚಿದ ದಿನ ಚೆನ್ನಾಗಿ ನೆನಪಿದೆ. ಹುಳಿ ಬಂದ ದೋಸೆ ಹಿಟ್ಟಿಗೆ ಬೆಲ್ಲ ಬೆರೆಸಿದ ಹಾಗೆ ಘಮ. ಅಲ್ಲಲ್ಲಿ ಹತ್ತಿಯ ಎಳೆಯಂಥ ಬಿಳಿ ಬೂಷ್ಟು. ಬಿಳಿ ಇದ್ದರೆ ಹೆದರಬೇಡಿ, ಅದು ಒಳ್ಳೆಯ ಗುರುತು. ಹಸಿರು, ಕಪ್ಪು ಬಂದರೆ ಕೆಟ್ಟಿದೆ ಅಂತ. ಹಳೆಯ ಪಂಚೆಯ ಮೇಲೆ ತೆಳ್ಳಗೆ ಹರಡಿ ನೆರಳಲ್ಲಿ ಮೂರು ದಿನ ಒಣಗಿಸಿದೆ. ಗರಿಗರಿ ಅನ್ನಿಸುವವರೆಗೆ ಒಣಗಿದರೆ ಬಿಗಿ ಡಬ್ಬಿಯಲ್ಲಿ ಆರು ತಿಂಗಳಿಗೂ ಏನೂ ಆಗುವುದಿಲ್ಲ. ಮನೆಯಲ್ಲಿ ನಾಲ್ಕು ಜನ, ದಿನಕ್ಕೆ ಒಂದು ಸಣ್ಣ ಹಿಡಿ. ಐದು ಕೆಜಿ ಹೆಚ್ಚುಕಮ್ಮಿ ಆರು ತಿಂಗಳು ಬರುತ್ತದೆ.

ಬಳಸುವುದು ಸುಲಭ. ತಳದಲ್ಲಿ ನಲ್ಲಿ ಇರುವ ಬಕೆಟ್ಟಿಗೆ ದಿನದ ಕಸ ಸಣ್ಣಗೆ ಹೆಚ್ಚಿ ಹಾಕಿ, ಮೇಲೆ ಒಂದು ಹಿಡಿ ಪುಡಿ ಉದುರಿಸಿ, ತಟ್ಟೆಯಿಂದ ಅದುಮಿ, ಮುಚ್ಚಳ. ಅನ್ನ, ಮುದ್ದೆ, ಕಾಫಿ ಚರಟ, ಮೊಟ್ಟೆ ಚಿಪ್ಪು, ಮೀನಿನ ಮುಳ್ಳು ಎಲ್ಲ ನಡೆಯುತ್ತದೆ. ಮುದ್ದೆಯನ್ನು ಮುರಿದು ಹಾಕಬೇಕು, ಇಡಿಯಾಗಿ ಹಾಕಿದರೆ ಒಳಗೆ ಪುಡಿ ಇಳಿಯುವುದಿಲ್ಲ. ಸಾರನ್ನು ಬಸಿದು ಹಾಕಬೇಕು. ತೆಂಗಿನ ಕರಟ, ಮಾವಿನ ಓಟೆ ಬೇಡ. ಬಿಳಿ ಹುಳು ಕಂಡರೆ ಮುಚ್ಚಳ ಎಲ್ಲೋ ಸಡಿಲ ಇದೆ, ಪುಡಿಯೂ ಕಡಿಮೆಯಾಗಿದೆ ಅಂತ ಲೆಕ್ಕ.

ಎರಡು ಮೂರು ದಿನಕ್ಕೊಮ್ಮೆ ನಲ್ಲಿಯಿಂದ ರಸ ಬಿಡಬೇಕು. ಈ ರಸ ತುಂಬ ಹುಳಿ. ಒಂದಕ್ಕೆ ನೂರು ಪಾಲು ನೀರು ಬೆರೆಸಿ, ಅಂದರೆ ಲೀಟರಿಗೆ ಎರಡು ಚಿಕ್ಕ ಚಮಚ, ಗಿಡದ ಬುಡಕ್ಕೆ ಹಾಕಿ. ನಾನು ಒಮ್ಮೆ ಅವಸರದಲ್ಲಿ ಹಾಗೇ ಕರಿಬೇವಿನ ಸಸಿಗೆ ಹಾಕಿದೆ. ನಾಲ್ಕೇ ದಿನಕ್ಕೆ ಎಲೆಯ ಅಂಚೆಲ್ಲ ಸುಟ್ಟು ಉದುರಿತು. ನೆಟ್ಟು ಬೆಳೆಸಿದ್ದ ಸಸಿ ಹೋಯಿತು.

ತುಂಬ ಜನ ಒಂದು ಕಡೆ ಮೋಸಹೋಗುತ್ತಾರೆ. ಬಕೆಟ್ ತುಂಬಿ ಎರಡು ವಾರ ಬಿಟ್ಟು ತೆಗೆದಾಗ ಬಾಳೆಸಿಪ್ಪೆ ಬಾಳೆಸಿಪ್ಪೆಯ ಹಾಗೇ ಇರುತ್ತದೆ. ಗೊಬ್ಬರ ಆಗಲೇ ಇಲ್ಲ, ಸುಮ್ನೆ ಮಾಡಿದ್ದು ಅಂತ ಎಸೆದುಬಿಡುತ್ತಾರೆ. ದಯವಿಟ್ಟು ಎಸೆಯಬೇಡಿ. ಬಕೆಟ್ಟಿನಲ್ಲಿ ಗೊಬ್ಬರ ಆಗುವುದೇ ಇಲ್ಲ. ಅಲ್ಲಿ ಆಗುವುದು ಉಪ್ಪಿನಕಾಯಿ. ನಿಂಬೆಹಣ್ಣು ಭರಣಿಯಲ್ಲಿ ನಿಂಬೆಹಣ್ಣಾಗಿಯೇ ಇರುತ್ತದಲ್ವಾ? ಹಾಗೆ. ಬೂಸಾದ ಕೆಲಸ ಕೊಳೆಯದಂತೆ ಹಿಡಿದಿಟ್ಟು ಮೆತ್ತಗೆ ಮಾಡುವುದು. ಗೊಬ್ಬರ ಮಾಡುವುದು ಮಣ್ಣು.

ಅದಕ್ಕೆ ಹಿತ್ತಲಲ್ಲಿ ಒಂದಡಿ ಆಳದ ಗುಂಡಿ ತೋಡಿ, ಹುಳಿ ಕಸ ಸುರಿದು, ಮಣ್ಣಿನ ಜೊತೆ ಗುದ್ದಲಿಯಿಂದ ಕಲಸಿ ಮೇಲೆ ಒಂದು ಗೇಣು ಮಣ್ಣು ಮುಚ್ಚುತ್ತೇನೆ. ಗಿಡದ ಬೇರಿಗೆ ತಾಗುವಂತೆ ಹಾಕಬಾರದು, ಮೊದಲ ಎರಡು ವಾರ ಹುಳಿ ಇರುತ್ತದೆ. ಹಿತ್ತಲು ಇಲ್ಲದವರು ಹಳೆಯ ಡ್ರಮ್ಮಿನಲ್ಲಿ ಒಂದು ಪಾಲು ಕಸಕ್ಕೆ ಎರಡು ಪಾಲು ಹಳೆಯ ಕುಂಡದ ಮಣ್ಣು ಪದರ ಪದರವಾಗಿ ಹಾಕಬಹುದು. ನಮ್ಮ ಜಿಲ್ಲೆಯಲ್ಲಿ ತೆಂಗಿನ ನಾರಿನ ಪುಡಿಗೆ ಬರವಿಲ್ಲ, ಒಂದಿಷ್ಟು ಅದನ್ನೂ ಬೆರೆಸಿದರೆ ತೇವ ಹೀರಿಕೊಳ್ಳುತ್ತದೆ.

ಹೋದ ಹಲಸಿನ ಕಾಲದಲ್ಲಿ ಚೇಳೂರು ಕಡೆಯಿಂದ ನೆಂಟರು ಎರಡು ದೊಡ್ಡ ಹಣ್ಣು ತಂದಿದ್ದರು. ಸಿಪ್ಪೆ, ನಾರು, ದಿಂಡು ಸೇರಿ ಎರಡು ಬಕೆಟ್ ತುಂಬಿತು. ಹಲಸಿನ ಕಸ ಹೊರಗಿಟ್ಟರೆ ಒಂದೇ ದಿನಕ್ಕೆ ನೊಣ ಮುತ್ತುತ್ತದೆ, ನಿಮಗೆ ಗೊತ್ತೇ ಇದೆ. ಸಣ್ಣಗೆ ಕೊಚ್ಚಿ, ಪುಡಿ ಎರಡರಷ್ಟು ಹಾಕಿದೆ. ಒಂದು ನೊಣ ಇಲ್ಲ. ಎರಡು ವಾರ ಬಕೆಟ್ಟಿನಲ್ಲಿ, ಆಮೇಲೆ ಒಂದು ತಿಂಗಳು ಮಣ್ಣಿನಲ್ಲಿ. ತೋಡಿ ನೋಡಿದಾಗ ಅತ್ತೆಯವರು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ಮಣ್ಣು ಕೆದಕುತ್ತಿದ್ದರು. ಕಪ್ಪು ಮಣ್ಣು, ನಾಲ್ಕೈದು ಎರೆಹುಳು, ಮುಳ್ಳುಸಿಪ್ಪೆಯ ಒಂದೆರಡು ತುಂಡು.

"ದಿಂಡು ಎಲ್ಲೋಯ್ತಮ್ಮ?" ಅಂದರು.

ಆ ಗುಂಡಿಯ ಮೇಲೆ ಈಗ ಬದನೆ ಸಸಿ ನೆಟ್ಟಿದ್ದೇವೆ. ಹೊಸ ಗುಂಡಿಯನ್ನು ಎರಡು ಸಲ ಹೆಗ್ಗಣ ಕೆರೆಯಿತು. ಬಟ್ಟೆ ಒಗೆಯುವ ಹಳೆಯ ಚಪ್ಪಡಿ ಕಲ್ಲು ಎಳೆದು ಮೇಲೆ ಹಾಕಿದೆವು. ಆಮೇಲೆ ಅದು ಬಂದಿಲ್ಲ.